ವೇಷ ಮರೆಸಿದ ಹೃದ್ರೋಗ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆಯು ಸಂತೆಯಲ್ಲಿ ಹೇಗೋ ವೈದ್ಯಶಾಲೆಯಲ್ಲಿಯೂ ಹಾಗೆಯೇ ಸಲ್ಲುತ್ತದೆ. ಹೃದಯದ ಗೋಡೆ ದಪ್ಪವಾಗಿದೆಯೆಂದು ವೈದ್ಯರು ಹೇಳಿದೊಡನೆ, ಆ ದಪ್ಪಕ್ಕೆ ಒಂದೇ ಕಾರಣವೆಂದು ನಂಬಿ ಸುಮ್ಮನಾಗುವುದು ಅನೇಕ ಮನೆಗಳಲ್ಲಿ ವಾಡಿಕೆ. ಅದರ ಹಿಂದೆ ಬೇರೊಂದು ರೋಗವು ಅಡಗಿರಬಹುದೆಂಬುದನ್ನೂ, ಅದನ್ನು ಗುರುತಿಸಲು ಮನೆಯವರು ವೈದ್ಯರಿಗೆ ಹೇಗೆ ನೆರವಾಗಬಲ್ಲರೆಂಬುದನ್ನೂ ಈ ತಿಂಗಳು ವಾಚಕರ ಮುಂದಿಡಲು ಬಯಸುತ್ತೇವೆ.

ಬಹುಕಾಲ ರಕ್ತದ ಒತ್ತಡವು ಏರಿದ್ದರೆ ಎಡ ಹೃತ್ಕುಕ್ಷಿಯ ಗೋಡೆಯು, ಭಾರ ಹೊರುವವನ ತೋಳಿನಂತೆ, ದಪ್ಪವಾಗುತ್ತದೆ. ಒತ್ತಡವಿಲ್ಲದೆಯೂ ಹೀಗಾದರೆ ವೈದ್ಯರು ಮೊದಲು ಶಂಕಿಸುವುದು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿಯೆಂಬ ಸ್ನಾಯುರೋಗವನ್ನು. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುವುದೆಂದು ಅಂದಾಜು. ಆದುದರಿಂದ ಆ ಶಂಕೆಯು ಸಹಜವೇ. ಆದರೆ ಇದೇ ವೇಷವನ್ನು ತೊಟ್ಟುಬರುವ ವಿರಳ ರೋಗಗಳು ಕೆಲವುಂಟು. ಅವುಗಳಲ್ಲಿ ಫ್ಯಾಬ್ರಿ ರೋಗವು ಮುಖ್ಯವಾದುದು.

1898ರಲ್ಲಿ ಜರ್ಮನಿಯ ಯೋಹಾನೆಸ್ ಫ್ಯಾಬ್ರಿ ಮತ್ತು ಇಂಗ್ಲೆಂಡಿನ ವಿಲಿಯಂ ಆಂಡರ್‌ಸನ್ ಎಂಬ ಇಬ್ಬರು ವೈದ್ಯರು ಬೇರೆಬೇರೆಯಾಗಿ ಇದನ್ನು ವರ್ಣಿಸಿದರು. ಅವರ ಕಣ್ಣಿಗೆ ಬಿದ್ದುದು ಚರ್ಮದ ಮೇಲಿನ ಚುಕ್ಕೆಗಳು. ಒಳಗಿನ ಮೂಲವು ತಿಳಿದುದು ಬಹುಕಾಲದ ಮೇಲೆ. ನಮ್ಮ ಜೀವಕೋಶಗಳಲ್ಲಿ ಒಂದು ಬಗೆಯ ಕೊಬ್ಬನ್ನು ಒಡೆಯುವ ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವವುಂಟು. ಈ ರೋಗಿಗಳಲ್ಲಿ ಅದು ಇಲ್ಲ, ಅಥವಾ ಸಾಲದು. ಗುಡಿಸದ ಮನೆಯಲ್ಲಿ ಕಸ ಸೇರುವಂತೆ ಆ ಕೊಬ್ಬು ವರ್ಷ ವರ್ಷವೂ ರಕ್ತನಾಳ, ನರ, ಮೂತ್ರಪಿಂಡ, ಹೃದಯಗಳಲ್ಲಿ ಸೇರುತ್ತ ಹೋಗುತ್ತದೆ. ಗೋಡೆ ದಪ್ಪವಾಗುವುದು ಹೀಗೆ.

ಹೃದಯವು ತೊಂದರೆಗೊಳ್ಳುವ ಎಷ್ಟೋ ವರ್ಷಗಳ ಮೊದಲೇ ಈ ರೋಗವು ಹಲವರಲ್ಲಿ ತನ್ನ ಗುರುತುಗಳನ್ನು ತೋರಿಸಿರುತ್ತದೆ. ಬಾಲ್ಯದಲ್ಲಿ ಅಂಗೈ ಅಂಗಾಲುಗಳು ಬೆಂಕಿ ತಗುಲಿದಂತೆ ಉರಿಯುವುದು, ಜ್ವರ ಬಂದಾಗಲೂ ಬಿಸಿಲಿನಲ್ಲಿಯೂ ಆ ಉರಿ ಹೆಚ್ಚುವುದು; ಬೆವರು ಕಡಮೆಯಾಗಿ ಸೆಕೆಯನ್ನು ತಾಳಲಾಗದಿರುವುದು; ಹೊಕ್ಕುಳಿನಿಂದ ತೊಡೆಯವರೆಗೆ ಕಡುಗೆಂಪು ಚುಕ್ಕೆಗಳು; ಊಟದ ಮೇಲೆ ಹೊಟ್ಟೆನೋವು; ಮುಂದೆ ಮೂತ್ರದಲ್ಲಿ ಆಲ್ಬುಮಿನ್, ಕಿವಿ ಮಂದವಾಗುವುದು, ಎಳೆಯ ವಯಸ್ಸಿನಲ್ಲಿಯೇ ಪಾರ್ಶ್ವವಾಯು. ಆಟದ ಬಯಲಿನಿಂದ ಅಳುತ್ತ ಬಂದ ಹುಡುಗನನ್ನು ಸೋಮಾರಿಯೆಂದು ಗದರಿಸುವ ಮೊದಲು ತಾಯಂದಿರು ಇದನ್ನು ನೆನೆಯಬೇಕು. ಆದರೆ ಇವೊಂದೂ ಇಲ್ಲದೆ ನಡುವಯಸ್ಸಿನಲ್ಲಿ ಹೃದಯವನ್ನು ಮಾತ್ರ ಹಿಡಿಯುವ ಬಗೆಯೂ ಉಂಟೆಂಬುದನ್ನು ಮರೆಯಲಾಗದು.

ಇನ್ನು ವಂಶದ ವಿಚಾರ. ದೋಷವಿರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಆದುದರಿಂದ ರೋಗಿಯಾದ ತಂದೆಯು ಅದನ್ನು ಗಂಡುಮಕ್ಕಳಿಗೆ ಕೊಡನು, ಹೆಣ್ಣುಮಕ್ಕಳೆಲ್ಲರಿಗೂ ಕೊಡುವನು. ದೋಷವುಳ್ಳ ತಾಯಿಯ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧ. ಆದುದರಿಂದ ರೋಗಿಯ ಸೋದರಮಾವನಿಗೋ ತಾಯಿಯ ತಂದೆಗೋ ಮೂತ್ರಪಿಂಡವು ಕೆಟ್ಟಿತ್ತೇ, ಹೃದಯದ ತೊಂದರೆಯಿತ್ತೇ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಹೆಂಗಸರಿಗೆ ರೋಗವು ಬಾರದೆಂಬ ಹಳೆಯ ನಂಬಿಕೆಯು ತಪ್ಪು. ತಡವಾಗಿಯಾದರೂ ಅವರೂ ಬಳಲುತ್ತಾರೆ. ಇದು ಯಾರ ಪಾಪದ ಫಲವೂ ಅಲ್ಲ, ಸೊಸೆಯನ್ನು ದೂರುವ ಕಾರಣವೂ ಅಲ್ಲ.

ಪರೀಕ್ಷೆಯು ಕಠಿಣವಲ್ಲ. ಗಂಡಸರಲ್ಲಿ ರಕ್ತದ ಕಿಣ್ವವನ್ನು ಅಳೆದರೆ ಬಹುಮಟ್ಟಿಗೆ ನಿರ್ಣಯವಾಗುತ್ತದೆ. ಹೆಂಗಸರಲ್ಲಿ ಆ ಅಳತೆಯು ಸರಿಯಾಗಿಯೇ ಕಾಣಬಹುದಾದುದರಿಂದ ಜೀನ್ ಪರೀಕ್ಷೆಯೇ ಬೇಕು. ಕಣ್ಣಿನ ವೈದ್ಯರು ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆಯಲ್ಲಿ ಸುಳಿಯಾಕಾರದ ಗೆರೆಗಳನ್ನು ಕಂಡು ಸುಳಿವು ಕೊಡುವುದುಂಟು. ಅದರಿಂದ ದೃಷ್ಟಿಗೆ ಬಾಧೆಯಿಲ್ಲ. ಹೃದಯದ ಎಂ.ಆರ್.ಐ. ಚಿತ್ರವೂ ಕೊಬ್ಬು ಸೇರಿದ ಸ್ನಾಯುವನ್ನು ಬೇರ್ಪಡಿಸಿ ತೋರಿಸಬಲ್ಲದು.

ಹೆಸರು ಬದಲಾದರೆ ಬಂದ ಭಾಗ್ಯವೇನೆಂದು ಕೆಲವರು ಕೇಳಬಹುದು. ಭಾಗ್ಯವುಂಟು. ಸಾಮಾನ್ಯ ಸ್ನಾಯುರೋಗದ ಔಷಧಗಳು ಸೇರಿದ ಕೊಬ್ಬನ್ನು ಕರಗಿಸಲಾರವು. ಇಲ್ಲದ ಕಿಣ್ವವನ್ನೇ ಎರಡು ವಾರಗಳಿಗೊಮ್ಮೆ ನಾಳದ ಮೂಲಕ ಕೊಡುವ ಚಿಕಿತ್ಸೆಗೆ 2001ರಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು. ಕೆಲವು ಬಗೆಯ ದೋಷಗಳಿಗೆ ಸಲ್ಲುವ ಗುಳಿಗೆಗೆ 2016ರಲ್ಲಿ ದೊರೆಯಿತು. ಆದರೆ ಹೃದಯದಲ್ಲಿ ಕಲೆಗಟ್ಟಿದ ಮೇಲೆ ಯಾವ ಔಷಧವೂ ಅದನ್ನು ಅಳಿಸದು. ಹೊತ್ತಿಗೆ ಮುಂಚೆ ಗುರುತಿಸುವುದರಲ್ಲಿಯೇ ಲಾಭವಿರುವುದು. ಈ ಔಷಧಗಳು ಬಹಳ ದುಬಾರಿ. ಭಾರತ ಸರಕಾರವು 2021ರಲ್ಲಿ ವಿರಳ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗಳಿಗೆ ಏರಿಸಿತು. ಅದಕ್ಕಾಗಿ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು.

ಹೃದಯದ ಗೋಡೆ ದಪ್ಪವೆಂದು ಕೇಳಿದವರೆಲ್ಲರೂ ಫ್ಯಾಬ್ರಿಯೆಂದು ಬೆದರಬೇಕಾಗಿಲ್ಲ, ಅದು ವಿರಳವೇ. ನಡೆಯುತ್ತಿರುವ ಔಷಧವನ್ನು ತಾವಾಗಿ ನಿಲ್ಲಿಸಲೂ ಕೂಡದು. ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಬಾಲ್ಯದ ಉರಿ, ಬೆವರು, ಮೂತ್ರದ ಪರೀಕ್ಷೆ, ತಾಯಿಯ ಕಡೆಯ ಬಂಧುಗಳ ವೃತ್ತಾಂತ, ಈ ನಾಲ್ಕನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು. ಒಬ್ಬರಲ್ಲಿ ರೋಗವನ್ನು ಹಿಡಿದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅವರ ಮಕ್ಕಳು ಎಲ್ಲರನ್ನೂ ಕಾಯುವ ದಾರಿಯು ತೆರೆದಂತಾಗುವುದು. ಆ ಚೀಟಿಯನ್ನು ಬರೆಯಬಲ್ಲವರು ಮನೆಯವರೇ ಹೊರತು ಮತ್ತಾರೂ ಅಲ್ಲವೆಂದು ನಾವು ತಿಳಿಯುತ್ತೇವೆ.