ಒಂದು ವರ್ಷ ಅಂಕ ಕುಸಿದರೆ ಬಾಗಿಲು ಮುಚ್ಚಬೇಕೆ?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದು ಸಿಇಟಿ ಪಟ್ಟಿ ಬರುವ ತನಕದ ದಿನಗಳಲ್ಲಿ ನಮ್ಮ ಕಾರ್ಯಾಲಯದ ಬೆಂಚು ಖಾಲಿ ಇರುವುದಿಲ್ಲ. ಗಿರಣಿಯ ಪಾಳಿ ಮುಗಿಸಿ ಬಂದವರು, ಅಂಗಡಿಯನ್ನು ತಮ್ಮನ ಕೈಗೆ ಬಿಟ್ಟು ಬಂದವರು ಮಕ್ಕಳ ಅಂಕಪಟ್ಟಿಯನ್ನು ಚೀಲದಿಂದ ತೆಗೆದು ಮುಂದಿಡುತ್ತಾರೆ. ಪಟ್ಟಿಗಳು ಬಹುಮಟ್ಟಿಗೆ ಒಂದೇ ಮಾದರಿಯವು. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 85, 90. ಪ್ರಥಮ ಪಿಯುಸಿಗೆ ಬಂದಾಗ ಭೌತಶಾಸ್ತ್ರ, ಗಣಿತ ಎರಡೂ ಅಂಚಿಗೆ ಬಂದು ನಿಂತಿವೆ. ದ್ವಿತೀಯದಲ್ಲಿ ಹುಡುಗ ಮತ್ತೆ ಎದ್ದಿದ್ದಾನೆ, ಆದರೆ ಪೂರ್ತಿ ಎದ್ದಿಲ್ಲ. ಇಂಥ ಪಟ್ಟಿ ಹಿಡಿದುಕೊಂಡು ಹೋದರೆ ಒಳ್ಳೆಯ ಕಾಲೇಜಿನವರು ಒಳಗೆ ಬಿಡುತ್ತಾರೆಯೇ ಎಂಬುದು ತಂದೆತಾಯಿಗಳ ಪ್ರಶ್ನೆ. ಬಿಡುವುದಿಲ್ಲವೆಂದು ಯಾರೋ ಆಗಲೇ ಹೇಳಿರುತ್ತಾರೆ. ನಾವೂ ಹಾಗೆಯೇ ಹೇಳಿಬಿಟ್ಟರೆ ಹುಡುಗ ಮರುದಿನವೇ ತಕ್ಕಡಿ ಹಿಡಿಯುತ್ತಾನೆ, ಹುಡುಗಿಗೆ ಗಂಡು ನೋಡಲು ಹೊರಡುತ್ತಾರೆ.

ಆದಕಾರಣ ಮೊದಲು ನಿಯಮವೇನೆಂಬುದನ್ನು ಹೇಳಿಬಿಡುತ್ತೇವೆ. ನಮ್ಮ ಜನರಿಗೆ ಇದು ಗೊತ್ತಿಲ್ಲವೆಂಬುದರ ಮೇಲೆಯೇ ಹೊಟ್ಟೆ ಹೊರೆಯುವ ದಲ್ಲಾಳಿಗಳು ಪ್ರತಿ ಊರಿನಲ್ಲಿಯೂ ಇದ್ದಾರೆ.

ನಮ್ಮ ರಾಜ್ಯದ ಇಂಜಿನಿಯರಿಂಗ್ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ರ‍್ಯಾಂಕು ಕಟ್ಟುವುದು ಎರಡೇ ಅಂಕಗಳಿಂದ. ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಕ್ಕೆ ಅರ್ಧ ತೂಕ. ಸಿಇಟಿಗೆ ಅರ್ಧ ತೂಕ. ಎಸ್ಸೆಸ್ಸೆಲ್ಸಿ ಲೆಕ್ಕಕ್ಕಿಲ್ಲ. ಪ್ರಥಮ ಪಿಯುಸಿ ಲೆಕ್ಕಕ್ಕಿಲ್ಲ. ಭಾಷೆಗಳ ಅಂಕವೂ ಲೆಕ್ಕಕ್ಕಿಲ್ಲ. ಒಬ್ಬ ಹಮಾಲನ ಮಗಳಿಗೆ ಪಿಯುಸಿಯ ಮೂರು ವಿಷಯಗಳಲ್ಲಿ 300ಕ್ಕೆ 186 ಬಂದಿದೆ ಎಂದಿಟ್ಟುಕೊಳ್ಳಿ, ಅಂದರೆ ನೂರಕ್ಕೆ 62. ಸಿಇಟಿಯಲ್ಲಿ 180ಕ್ಕೆ 126, ಅಂದರೆ 70. ಎರಡರ ಸರಾಸರಿ 66. ಪಕ್ಕದ ಬೀದಿಯ ಹುಡುಗನಿಗೆ ಪಿಯುಸಿಯಲ್ಲಿ ನೂರಕ್ಕೆ 90 ಬಂದು, ಸಿಇಟಿಯಲ್ಲಿ 40 ಮಾತ್ರ ಬಂದಿದ್ದರೆ ಅವನ ಸರಾಸರಿ 65. ಮಗಳೇ ಮುಂದೆ. ಅರ್ಹತೆಗೆ ಬೇಕಾದದ್ದು ಆ ಮೂರು ವಿಷಯಗಳಲ್ಲಿ ಒಟ್ಟು ನೂರಕ್ಕೆ 45, ಮೀಸಲು ವರ್ಗದವರಿಗೆ 40. ಇಷ್ಟಿದ್ದೂ 62 ಬಂದ ಮಗುವಿಗೆ ಇನ್ನು ಆಸೆಯಿಲ್ಲವೆಂದು ಹೇಳುವವರನ್ನು ಏನೆನ್ನಬೇಕು?

ವೈದ್ಯಕೀಯಕ್ಕೆ ಹನ್ನೆರಡನೆಯ ತರಗತಿಯ ವಿಜ್ಞಾನ ವಿಷಯಗಳಲ್ಲಿ ನೂರಕ್ಕೆ 50, ಮೀಸಲು ವರ್ಗದವರಿಗೆ 40 ಬಂದರೆ ಸಾಕು. ಅನಂತರ ನೀಟ್ ಒಂದೇ. ಅದನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು, ಕನ್ನಡದಲ್ಲಿಯೂ ಬರೆಯಬಹುದು. ಕೇಂದ್ರ ವಿಶ್ವವಿದ್ಯಾಲಯಗಳು 2022ರಿಂದ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ ನೋಡುತ್ತವೆ; ಅದಕ್ಕೂ ಕನ್ನಡದ ಪ್ರಶ್ನೆಪತ್ರಿಕೆ ಇದೆ. ಐಐಟಿ, ಎನ್ಐಟಿಗಳ ಬಾಗಿಲು ಮಾತ್ರ ಬಿಗಿ. ಜೆಇಇ ಗೆದ್ದರೂ ಹನ್ನೆರಡನೆಯದರಲ್ಲಿ ನೂರಕ್ಕೆ 75 ಇರಬೇಕು, ಇಲ್ಲವೇ ತನ್ನ ಬೋರ್ಡಿನಲ್ಲಿ ತೇರ್ಗಡೆಯಾದವರ ಪೈಕಿ ಮೇಲಿನ ಐದನೆಯ ಒಂದು ಪಾಲಿನಲ್ಲಿ ಇರಬೇಕು. ಪರಿಶಿಷ್ಟರಿಗೆ 75ರ ಬದಲು 65. ಐಐಟಿಯ ಅಡ್ವಾನ್ಸ್ಡ್ ಪರೀಕ್ಷೆಗೆ ಕೂರಲು ಎರಡೇ ಸಲ ಅವಕಾಶ, ಅದೂ ಬೆನ್ನುಬೆನ್ನಿಗೆ ಬರುವ ಎರಡು ವರ್ಷಗಳಲ್ಲಿ.

ಕಾಗದದ ಮೇಲೆ ನೋಡಿದರೆ ಕಾನೂನು ಏರಿಳಿತದ ಅಂಕಪಟ್ಟಿಗೆ ಅಂಥ ಶತ್ರುವೇನಲ್ಲ. ಹಾಗಿದ್ದರೆ ದೊಡ್ಡ ಕಾಲೇಜುಗಳ ಬೆಂಚುಗಳ ಮೇಲೆ ನಮ್ಮ ಮಕ್ಕಳು ಏಕೆ ಇಷ್ಟು ವಿರಳ? ಬಾಗಿಲು ಮುಚ್ಚುವುದು ಅಲ್ಲಲ್ಲ, ಅದಕ್ಕೂ ಎರಡು ವರ್ಷ ಮೊದಲು. ಹೆಸರುವಾಸಿ ಖಾಸಗಿ ಪದವಿಪೂರ್ವ ಕಾಲೇಜುಗಳು ಎಸ್ಸೆಸ್ಸೆಲ್ಸಿ ಅಂಕ ನೋಡಿ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಪಾಠದ ಜೊತೆಗೇ ಸಿಇಟಿ, ನೀಟ್ ತರಬೇತಿ ಕಟ್ಟಿಕೊಟ್ಟು, ವಸತಿ ಸಮೇತ ಲಕ್ಷಗಳ ಲೆಕ್ಕದಲ್ಲಿ ಹಣ ಪಡೆಯುತ್ತವೆ. ಅಂಕವಿಲ್ಲದವನು ಹಣದಿಂದ ಒಳಗೆ ಹೋಗುತ್ತಾನೆ. ಹಣವಿಲ್ಲದವನು ಅಂಕವಿದ್ದರೆ ಮಾತ್ರ, ಅದೂ ಆಡಳಿತ ಮಂಡಳಿಯವರ ಔದಾರ್ಯವಿದ್ದರೆ ಮಾತ್ರ, ಒಳಗೆ ಹೋಗುತ್ತಾನೆ. ಆಮೇಲೆ ರ‍್ಯಾಂಕು ಬಂದ ಮಕ್ಕಳ ಭಾವಚಿತ್ರಗಳನ್ನು ಬಸ್ ನಿಲ್ದಾಣದ ಎದುರು ಕಟ್ಟುತ್ತಾರೆ. ಎದ್ದವರನ್ನೇ ಆರಿಸಿಕೊಂಡು, ನಾವು ಎಬ್ಬಿಸಿದೆವೆಂದು ಹೇಳಿಕೊಳ್ಳುವ ಕಲೆ ಇದು.

ಇನ್ನು ಅಂಕ ಕುಸಿಯುವುದೇಕೆ ಎಂಬ ಪ್ರಶ್ನೆ. ಹುಡುಗರು ಮೊಬೈಲು ಹಿಡಿದು ಕೆಟ್ಟರೆಂದು ಹೇಳುವುದು ಸುಲಭ. ನಾವು ಕಂಡ ಅಂಕಪಟ್ಟಿಗಳಲ್ಲಿ ಕುಸಿತ ಎಲ್ಲಿದೆ ನೋಡಿ: ಪ್ರಥಮ ಪಿಯುಸಿಯಲ್ಲಿ. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನ ಓದಿದ ಮಗುವನ್ನು ಒಂದು ಬೇಸಿಗೆ ಕಳೆಯುವುದರೊಳಗೆ ಇಂಗ್ಲಿಷ್ ಪುಸ್ತಕದ ಮುಂದೆ ಕೂರಿಸುತ್ತೇವೆ. ವೇಗೋತ್ಕರ್ಷವೆಂದು ಕಲಿತದ್ದು ಆಕ್ಸಿಲರೇಷನ್ ಆಗುತ್ತದೆ. ದ್ಯುತಿಸಂಶ್ಲೇಷಣೆ ಎಂದು ಬಾಯಿಪಾಠ ಮಾಡಿದ್ದು ಫೋಟೋಸಿಂಥೆಸಿಸ್ ಆಗುತ್ತದೆ. ಉಪನ್ಯಾಸಕರು ಪಾಠ ಮುಗಿಸುವ ಅವಸರದಲ್ಲಿರುತ್ತಾರೆ. ಮಗು ಮೊದಲ ಆರು ತಿಂಗಳು ವಿಜ್ಞಾನ ಕಲಿಯುವುದಿಲ್ಲ, ಮಾತು ಕಲಿಯುತ್ತದೆ. ಆ ವರ್ಷ ಅದು ಬಿದ್ದದ್ದು ಭೌತಶಾಸ್ತ್ರದಲ್ಲಲ್ಲ, ಭಾಷೆಯಲ್ಲಿ. ಹತ್ತನೆಯ ತರಗತಿಯ ತನಕ ಕನ್ನಡದಲ್ಲಿ ಓದಿದವರಿಗೆ ಸಿಇಟಿಯಲ್ಲಿ ನೂರಕ್ಕೆ 5 ಮೀಸಲು, ಗ್ರಾಮೀಣರಿಗೆ 15 ಮೀಸಲು ಇದೆ. ಒಳ್ಳೆಯದೇ. ಆದರೆ ಪ್ರಥಮ ಪಿಯುಸಿಯಲ್ಲೇ ವಿಜ್ಞಾನ ಬಿಟ್ಟು ಹೋದ ಮಗುವಿಗೆ ಆ ಮೀಸಲು ಏತಕ್ಕೆ ಬಂತು?

ಭಾಷೆಯ ಜೊತೆಗೆ ಮನೆ ಇದೆ. ಗಿರಣಿ ಮೂರು ತಿಂಗಳು ನಿಂತರೆ ಆ ಮೂರು ತಿಂಗಳು ಮಗುವಿನ ಅಂಕಪಟ್ಟಿಯಲ್ಲಿ ಕಾಣುತ್ತದೆ. ತಂದೆಯ ಕೈ ಯಂತ್ರಕ್ಕೆ ಸಿಕ್ಕಿದ ವರ್ಷ ಕಾಣುತ್ತದೆ. ಹಬ್ಬದ ಹಂಗಾಮಿನಲ್ಲಿ ಅಂಗಡಿಯಲ್ಲಿ ಆಳಿಲ್ಲದೆ ಮಗನನ್ನು ನಿಲ್ಲಿಸಿಕೊಂಡದ್ದು ಕಾಣುತ್ತದೆ. ಇದನ್ನು ನಮ್ಮ ವ್ಯಾಪಾರಿ ಮಿತ್ರರು ಬೇಸರಪಡದೆ ಕೇಳಿಕೊಳ್ಳಬೇಕು. ಉಳ್ಳವರ ಮನೆಯಲ್ಲಿ ಕಾಯಿಲೆ ಕಸಾಲೆ ಬಂದರೂ ಮಗುವಿನ ಪಾಠ ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಮೊದಲು ನಿಲ್ಲುವುದೇ ಪಾಠ. ಏರುಪೇರಿನ ಅಂಕಪಟ್ಟಿ ಎಂದರೆ ಏರುಪೇರಿನ ಸಂಬಳದ ನಕಲು ಪ್ರತಿ.

ಬಿದ್ದವನು ಮತ್ತೆ ಏಳಬಹುದಲ್ಲ, ಒಂದು ವರ್ಷ ಕೂತು ಓದಿ ಮತ್ತೆ ಬರೆಯಲಿ ಎನ್ನುತ್ತಾರೆ. ಬಹಳ ಸರಿ. ಆ ಒಂದು ವರ್ಷದ ಬೆಲೆ ಎಷ್ಟು, ಅದನ್ನು ಕೊಡುವವರಾರು? ತರಬೇತಿ ಕೇಂದ್ರದ ಶುಲ್ಕ, ಊಟ, ವಸತಿ ಎಲ್ಲ ಸೇರಿದರೆ ಲಕ್ಷ ದಾಟುವುದು ಸಾಮಾನ್ಯ. ಅದರ ಮೇಲೆ ಆ ವರ್ಷ ಹುಡುಗ ದುಡಿದು ತರಬಹುದಾಗಿದ್ದ ಕೂಲಿಯೂ ಇಲ್ಲ. ತಮಿಳುನಾಡು ಸರ್ಕಾರ ನೇಮಿಸಿದ್ದ ನ್ಯಾಯಮೂರ್ತಿ ಎ. ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿಯನ್ನು ಇಲ್ಲಿ ನೆನೆಯಬೇಕು. ಆ ರಾಜ್ಯದಲ್ಲಿ ವೈದ್ಯಕೀಯ ಸೀಟು ಪಡೆದವರಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆಗೆ ಕೂತವರ ಪಾಲು 2016-17ರಲ್ಲಿ ನೂರಕ್ಕೆ ಸುಮಾರು 12 ಇದ್ದದ್ದು 2020-21ರ ಹೊತ್ತಿಗೆ 71 ಆಗಿತ್ತೆಂದು ಅದು ತೋರಿಸಿತು. ಎಷ್ಟು ಸಲ ಬೇಕಾದರೂ ಬರೆಯಿರಿ ಎಂಬ ಉದಾರ ನಿಯಮದ ಒಳಗುಟ್ಟು ಇದು. ಕಾಯಬಲ್ಲವನಿಗೆ ಸೀಟು. ಎರಡನೆಯ ಅವಕಾಶ ಎಲ್ಲರಿಗೂ ಇದೆ, ಟಿಕೆಟ್ಟಿನ ಹಣ ಇರುವವರಿಗೆ ರೈಲು ಇರುವ ಹಾಗೆ.

ಸಾಲ ಮಾಡಿ ಆ ಹಣ ಹೊಂದಿಸಿದವರನ್ನಾದರೂ ನಮ್ಮ ಸರ್ಕಾರ ಸುಮ್ಮನೆ ಬಿಟ್ಟಿತೇ? 2021ರಲ್ಲಿ ಕೊರೋನಾ ಕಾರಣ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಸ್ಸೆಲ್ಸಿ ಅಂಕದಿಂದ ನೂರಕ್ಕೆ 45, ಪ್ರಥಮ ಪಿಯುಸಿಯಿಂದ 45, ಕಾಲೇಜಿನ ಆಂತರಿಕ ಅಂಕದಿಂದ 10 ಸೇರಿಸಿ ಫಲಿತಾಂಶ ಕೊಟ್ಟರು. ಅಂದರೆ ಪ್ರಥಮ ಪಿಯುಸಿಯಲ್ಲಿ ಎಡವಿ ದ್ವಿತೀಯದಲ್ಲಿ ಎದ್ದು ನಿಂತಿದ್ದ ಮಗುವಿಗೆ ಎದ್ದದ್ದನ್ನು ತೋರಿಸುವ ಅವಕಾಶವೇ ಇಲ್ಲದೆ ಹೋಯಿತು. ಆ ತಂಡದ ಅನೇಕರು ಮರುವರ್ಷ ಮತ್ತೆ ಸಿಇಟಿಗೆ ಕೂತರು. 2022ರ ಜುಲೈ 30ರಂದು ರ‍್ಯಾಂಕು ಪಟ್ಟಿ ಬಂದಾಗ ಇವರ ಪಿಯುಸಿ ಅಂಕವನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೊಸಬರಿಗೆ ಪಿಯುಸಿ ಅರ್ಧ, ಸಿಇಟಿ ಅರ್ಧ. ಇವರಿಗೆ ಸಿಇಟಿ ಒಂದೇ. ಸುಮಾರು 24 ಸಾವಿರ ಮಕ್ಕಳ ರ‍್ಯಾಂಕು ಒಂದೇ ದಿನದಲ್ಲಿ ಪಾತಾಳಕ್ಕೆ ಇಳಿಯಿತು. ತಂದೆತಾಯಿಗಳು ಹೈಕೋರ್ಟಿನ ಮೆಟ್ಟಿಲು ಹತ್ತಿದರು. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅರ್ಧರ್ಧ ಲೆಕ್ಕವನ್ನೇ ಹಿಡಿಯಬೇಕೆಂದಿತು. ಸರ್ಕಾರ ಮೇಲ್ಮನವಿ ಹಾಕಿತು. ಕೊನೆಗೆ ಆ ಮಕ್ಕಳ ಪಿಯುಸಿ ಅಂಕದಲ್ಲಿ ಒಂದಿಷ್ಟು ಕಳೆದು ಉಳಿದದ್ದನ್ನು ಸೇರಿಸುವುದೆಂಬ ಸೂತ್ರಕ್ಕೆ ರಾಜಿಯಾಯಿತು.

ಆ ವರ್ಷದ ಅಂಕಗಳು ಉಬ್ಬಿದ್ದವು, ಹೊಸಬರಿಗೆ ಅನ್ಯಾಯವಾಗುತ್ತಿತ್ತು ಎಂಬ ಅಧಿಕಾರಿಗಳ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಉಬ್ಬಿಸಿದವರು ಯಾರು? ಸೂತ್ರ ಕಟ್ಟಿದವರು ಸರ್ಕಾರದವರು, ಅಂಕ ಕೊಟ್ಟವರು ಸರ್ಕಾರದವರು, ಕೊಟ್ಟ ಅಂಕ ನಂಬತಕ್ಕದ್ದಲ್ಲವೆಂದವರೂ ಸರ್ಕಾರದವರು. ದಂಡ ತೆತ್ತವರು ಮಾತ್ರ ಮಕ್ಕಳು. ಅದನ್ನು ವರ್ಷದ ಆರಂಭದಲ್ಲಿ ಸ್ಪಷ್ಟವಾಗಿ ಸಾರಿ ಹೇಳಿದ್ದರೆ ಎಷ್ಟೋ ಮನೆಗಳು ಸಾಲ ಮಾಡುವ ಮೊದಲು ಎರಡು ಸಲ ಯೋಚಿಸುತ್ತಿದ್ದವು.

ಪ್ರತಿಭೆಯ ಪಕ್ಷಪಾತಿಗಳು ಇಲ್ಲಿ ಮಧ್ಯೆ ಬಾಯಿ ಹಾಕುತ್ತಾರೆ. ಅಂಕವನ್ನೂ ನೋಡಬೇಡಿ, ಪರೀಕ್ಷೆಯನ್ನೂ ನಂಬಬೇಡಿ ಎಂದರೆ ಇನ್ನು ಯಾವುದರಿಂದ ಆರಿಸುವುದು ಎಂದು ಕೇಳುತ್ತಾರೆ. ಅವರ ಅಳತೆಗೋಲಿನ ಸ್ಥಿತಿ ನೋಡಿ. 2021ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳು ಕೆಲವು ಪದವಿಗಳಿಗೆ ನೂರಕ್ಕೆ ನೂರು ಇದ್ದವರನ್ನು ಮಾತ್ರ ಮೊದಲ ಪಟ್ಟಿಯಲ್ಲಿ ಕರೆದವು. ಒಂದು ಅಂಕ ಕಡಿಮೆಯಾದವನು ದಡ್ಡನೇ? ಮರುವರ್ಷ ಅದೇ ವಿಶ್ವವಿದ್ಯಾಲಯ ಆ ಅಂಕಗಳನ್ನೆಲ್ಲ ಪಕ್ಕಕ್ಕಿಟ್ಟು ಪ್ರವೇಶ ಪರೀಕ್ಷೆಯನ್ನೇ ಹಿಡಿದುಕೊಂಡಿತು. ನಿನ್ನೆ ಪ್ರತಿಭೆ ಎಂದರೆ ಬೋರ್ಡಿನ ಅಂಕ, ಇಂದು ಪ್ರತಿಭೆ ಎಂದರೆ ಒಂದು ದಿನದ ಕೆಲವು ಗಂಟೆ. ಇಷ್ಟು ಬೇಗ ಬಣ್ಣ ಬದಲಿಸುವ ಪ್ರತಿಭೆಯ ಮೇಲೆ ನಮಗೆ ಭಯಭಕ್ತಿ ಹುಟ್ಟದಿದ್ದರೆ ಕ್ಷಮಿಸಬೇಕು.

ವಾದವೂ ಹೊಸದಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡುವ ಬಗ್ಗೆ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದಾಗಲೂ ದಕ್ಷತೆ ಕೆಡುತ್ತದೆಂಬ ಕೂಗು ಎದ್ದಿತ್ತು. ಡಾಕ್ಟರ್ ಲೋಹಿಯಾ ಅವರು ಸಮಾನ ಅವಕಾಶದ ಮಾತನ್ನು ಬದಿಗಿಟ್ಟು ವಿಶೇಷ ಅವಕಾಶದ ಮಾತನ್ನೆತ್ತಿದ್ದು ಇದೇ ಕಾರಣಕ್ಕೆ. ಸಾವಿರಾರು ವರ್ಷ ಹಿಂದೆ ನಿಲ್ಲಿಸಿದವನನ್ನು ಓಟದ ಗೆರೆಗೆ ತಂದು ನಿಲ್ಲಿಸಿ, ಇನ್ನು ನೀವಿಬ್ಬರೂ ಸಮಾನರು ಓಡಿ ಎಂದರೆ ಅದು ಸಮಾನತೆಯಲ್ಲ. ತಮಿಳುನಾಡು 2020ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ ನೂರಕ್ಕೆ 7.5 ಪಾಲನ್ನು ಕಾನೂನಿನಿಂದಲೇ ಕೊಟ್ಟಿತು. 2021ರಲ್ಲಿ ಇಂಜಿನಿಯರಿಂಗ್, ಕೃಷಿ, ಕಾನೂನು ಪದವಿಗಳಿಗೂ ವಿಸ್ತರಿಸಿತು. ನಮ್ಮ ವಿಧಾನಸೌಧದಲ್ಲಿ ಕೂತವರಿಗೆ ಈ ಕಾನೂನಿನ ಪ್ರತಿ ಬೇಕಿದ್ದರೆ ಚೆನ್ನೈ ಬಹಳ ದೂರವೇನಿಲ್ಲ.

ನಾವು ಕೇಳುವುದು ಇಷ್ಟು. ಅಂಥದೇ ಪಾಲು ಇಲ್ಲಿಯ ಸರ್ಕಾರಿ ಶಾಲೆಯ ಮಕ್ಕಳಿಗೂ ಬೇಕು. ಪ್ರತಿ ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಮತ್ತೆ ಬರೆಯುವವರಿಗಾಗಿ ಪೂರ್ತಿ ಒಂದು ವರ್ಷದ ತರಗತಿ ನಡೆಯಬೇಕು. ಶುಲ್ಕವಿಲ್ಲದೆ, ವಿದ್ಯಾರ್ಥಿನಿಲಯದಲ್ಲಿ ಊಟ ಹಾಕಿ, ಕೂಲಿ ಕಳೆದುಕೊಂಡ ಮನೆಗೆ ವಿದ್ಯಾರ್ಥಿ ವೇತನ ಕೊಟ್ಟು. ಪ್ರಥಮ ಪಿಯುಸಿಯ ಮೊದಲ ಮೂರು ತಿಂಗಳು ಕನ್ನಡದಲ್ಲಿ ಓದಿ ಬಂದವರಿಗೆ ಎರಡೂ ಭಾಷೆಗಳಲ್ಲಿ ಪಾಠ ಹೇಳಬೇಕು. ಪ್ರವೇಶದ ನಿಯಮವನ್ನು ವರ್ಷದ ನಡುವೆ ತಿದ್ದಕೂಡದು. ಸರ್ಕಾರದವರು ಬೊಕ್ಕಸ ಖಾಲಿ ಎನ್ನುವುದು ನಮಗೆ ಗೊತ್ತಿದೆ. ಒಂದೊಂದು ತಾಲ್ಲೂಕಿಗೆ ನಾಲ್ಕೈದು ಉಪನ್ಯಾಸಕರ ಸಂಬಳ, ಐವತ್ತು ಮಕ್ಕಳ ಊಟ. ಇಷ್ಟಕ್ಕೆ ಖಾಲಿಯಾಗುವ ಬೊಕ್ಕಸ ಉದ್ಯಮಿಗಳಿಗೆ ಭೂಮಿ, ತೆರಿಗೆ ರಿಯಾಯಿತಿ ಕೊಡುವಾಗ ಏಕೆ ಖಾಲಿಯಾಗುವುದಿಲ್ಲ?

ಅದು ಸಿಗುವ ತನಕ ಮಕ್ಕಳನ್ನು ಮನೆಯಲ್ಲಿ ಕೂರಿಸಬೇಡಿ. ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿವೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು; ಹೆಚ್ಚು ಬಂದ ಅಂಕವೇ ಉಳಿಯುತ್ತದೆ, ಕಡಿಮೆ ಬಂದರೆ ನಷ್ಟವಿಲ್ಲ. ಹೊಸ ಅಂಕವನ್ನು ಸಿಇಟಿ ರ‍್ಯಾಂಕಿಗೆ ಯಾವ ತಾರೀಖಿನೊಳಗೆ ಸೇರಿಸಬೇಕೆಂಬುದನ್ನು ಆಯಾ ವರ್ಷದ ಪ್ರಾಧಿಕಾರದ ಪ್ರಕಟಣೆಯಲ್ಲಿಯೇ ಓದಿ ತಿಳಿದುಕೊಳ್ಳಿ, ದಲ್ಲಾಳಿಯ ಬಾಯಿಂದಲ್ಲ. ಕನ್ನಡ ಮಾಧ್ಯಮ ಮತ್ತು ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರಗಳನ್ನು ಓದಿದ ಶಾಲೆಯಿಂದ ಈಗಲೇ ಬರೆಸಿ, ಬಿಇಒ ಕಚೇರಿಯ ಮೇಲುಸಹಿ ಮಾಡಿಸಿ ಇಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಸಹಿಗಾಗಿ ಓಡಾಡಿ ಮೀಸಲು ಸೀಟು ಕಳೆದುಕೊಂಡ ಮನೆಗಳಿವೆ. ಅರ್ಜಿ ತುಂಬುವುದು ತಿಳಿಯದವರು ಭಾನುವಾರ ಬೆಳಿಗ್ಗೆ ಅಂಕಪಟ್ಟಿಗಳನ್ನು ತೆಗೆದುಕೊಂಡು ಯೂನಿಯನ್ ಕಚೇರಿಗೆ ಬನ್ನಿ.