ರಜೆಯ ಕೈಗೆಲಸ: ಚೌಕಾಬಾರದ ಮಣೆ

ಬೇಸಿಗೆ ರಜೆ ಬಂದಿತೆಂದರೆ ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಮಕ್ಕಳನ್ನು ಹಿಡಿದು ಕೂರಿಸುವುದೇ ತಾಯಂದಿರಿಗೆ ದೊಡ್ಡ ಚಿಂತೆ. ಕಾಸಿನ ಖರ್ಚಿಲ್ಲದ ಉಪಾಯವೊಂದಿದೆ: ಚೌಕಾಬಾರದ ಮಣೆಯನ್ನು ಮಕ್ಕಳ ಕೈಯಿಂದಲೇ ಮಾಡಿಸಿರಿ.

ಹಳೆಯ ರಟ್ಟಿನಲ್ಲಿ 10 ಅಂಗುಲದ ಚೌಕ ಕತ್ತರಿಸಿ, 2 ಅಂಗುಲಕ್ಕೊಂದರಂತೆ ಅಡ್ಡಕ್ಕೂ ಉದ್ದಕ್ಕೂ ಗೆರೆ ಎಳೆದರೆ 25 ಮನೆಗಳಾಗುತ್ತವೆ. ನಾಲ್ಕು ಬದಿಯ ನಡುಮನೆಗಳಿಗೂ, ಕಾಯಿ ಹಣ್ಣಾಗುವ ಮಧ್ಯದ ಮನೆಗೂ ಕತ್ತರಿ ಗುರುತು ಹಾಕಿಸಿರಿ. ಕವಡೆ ಇಲ್ಲದಿದ್ದರೆ 4 ಹುಣಿಸೆಬೀಜ ಸಾಕು. ಒರಟು ಕಲ್ಲಿಗೆ ನೀರು ಚಿಮುಕಿಸಿ, ಬೀಜದ ಒಂದು ಮಗ್ಗುಲನ್ನು ಬಿಳಿ ಕಾಣುವವರೆಗೆ ಉಜ್ಜಲಿ. ಒಂದು ಮಧ್ಯಾಹ್ನ ಸುಖವಾಗಿ ಕಳೆಯುತ್ತದೆ! ಆಡುವವರಿಗೆ ತಲಾ 4 ಕಾಯಿ. ಹಳೆಯ ಗುಂಡಿ, ಬಳೆಚೂರು ಏನಾದರೂ ಆದೀತು. ಅಂಬೆಗಾಲಿಡುವ ಕೂಸಿದ್ದರೆ ಆಟ ಮುಗಿದೊಡನೆ ಎಲ್ಲವನ್ನೂ ಎತ್ತಿಡಿರಿ.

ಬಿಳಿ ಬಿದ್ದಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, 4. ನಾಲ್ಕೂ ಕಪ್ಪಾದರೆ ಬಾರ, 8.

ಒಂದು ಕಟ್ಟಳೆ ಮಾತ್ರ ಇರಲಿ: ಎಣಿಕೆ ಕನ್ನಡದಲ್ಲೇ ಆಗಬೇಕು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ ಆಡುವ ಮಗುವಿನ ನಾಲಗೆಗೆ ಒಂದು, ಎರಡು, ಮೂರು ತಾನಾಗಿ ಹತ್ತುತ್ತದೆ. ಊರಿಗೆ ಹೋದಾಗ ಅಜ್ಜಿಯೊಡನೆ ಆಡಲು ಆಟವೂ ಉಂಟು, ಮಾತೂ ಉಂಟು.