ಆಕಿ ಮಂದಿ ಅಲ್ಲೇನ್ರಿ?

ಮಳಿ ನಿಂತೈತಿ, ಗದಗಿನ ಭೀಷ್ಮ ಕೆರೆ ದಂಡಿ ಹಸಿರಾಗೈತಿ. ಬಸವಣ್ಣನ ಮೂರ್ತಿ ಮುಂದ ಸೆಲ್ಫಿ ತಗೋರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮೊನ್ನೆ ಒಂದು ಉದ್ಯಾನದಾಗ ನಸುಕಿನಿಂದ ಕಸ ಹೊಡದ ನಮ್ಮ ಪೌರಕಾರ್ಮಿಕ ಅವ್ವ ಬುತ್ತಿ ಬಿಚ್ಚಾಕ ಬೆಂಚಿನ ಮ್ಯಾಲ ಕುಂತ್ರ, "ಏಳವಾ, ಮಂದಿ ಬರ್ತಾರ" ಅಂದ್ರು. ಕೈಯಾಗಿನ ಕಸಬರಗಿ ನೋಡೇ ಜಾತಿ ಅಳದ್ರು.

ಬಾಬಾಸಾಹೇಬರು 1927ರಲ್ಲಿ ಮಹಾಡದ ಚೌದಾರ ಕೆರೆಯ ನೀರು ಮುಟ್ಟಿದ್ದು ಇದೇ ಹಕ್ಕಿನ ಸಲುವಾಗಿ. ಸರ್ಕಾರದ ದುಡ್ಡಿನ ಕೆರೆ, ರಸ್ತೆ, ಸಾರ್ವಜನಿಕ ತಾಣಗಳಲ್ಲಿ ಜಾತಿ ನೆಪದಲ್ಲಿ ಯಾರನ್ನೂ ತಡೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 15(2)ನೇ ವಿಧಿ.

ಚಳಿಗಾಲಕ್ಕ ಹಿಮಾಲಯ ದಾಟಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಬರೋ ಹೆಬ್ಬಾತುಗಳಿಗೆ ಯಾರೂ ಕುಲ ಕೇಳಂಗಿಲ್ಲ. ಊರು ಗುಡಿಸಾಕಿಗೆ ಮಾತ್ರ ಯಾಕ್ರಿ ಕೇಳ್ತೀರಿ? ನಾಳೆ ಆಕಿ ಅದೇ ಬೆಂಚಿನ ಮ್ಯಾಲ ಕುಂತು ಉಣ್ತಾಳ. ಬಾಜೂಕ ನಾವೂ ಇರ್ತೀವಿ. ಜೈ ಭೀಮ್.